ಸಿಂಪಡಣೆಯ ಡ್ರೋನ್: ಮೊದಲ ಹಾರಾಟಕ್ಕೆ ಮುನ್ನ



ಮಾವು ಹೂ ಬಿಡುವ ಕಾಲ ಬಂತೆಂದರೆ ರಾಮನಗರ, ಚನ್ನಪಟ್ಟಣದ ತೋಟಗಳಲ್ಲಿ ಜಿಗಿಹುಳುವಿನ ಚಿಂತೆ ಶುರುವಾಗುತ್ತದೆ. ಮುಂಗಾರಿನಲ್ಲಿ ಮಾಗಡಿ, ಕನಕಪುರದ ಕಡೆ ಮುಸುಕಿನ ಜೋಳದ ಸುಳಿಯನ್ನು ಸೈನಿಕ ಹುಳು ತಿನ್ನುತ್ತದೆ. ಔಷಧ ಹೊಡೆಯಬೇಕು, ಆದರೆ ಬೆನ್ನಿಗೆ ಪಂಪು ಹೊರುವ ಆಳು ಸಿಗುವುದಿಲ್ಲ. ಊರಿನ ಹುಡುಗರು ಬಿಡದಿಯ ಕಾರ್ಖಾನೆಗಳಿಗೋ ಬೆಂಗಳೂರಿಗೋ ಬೆಳಗಿನ ಬಸ್ಸು ಹತ್ತಿ ಹೋಗುತ್ತಾರೆ. ಈ ಕಾರಣದಿಂದಲೇ ರಾಮನಗರ ಜಿಲ್ಲೆಯಲ್ಲಿ (2025ರಲ್ಲಿ ಇದಕ್ಕೆ ಬೆಂಗಳೂರು ದಕ್ಷಿಣ ಜಿಲ್ಲೆ ಎಂದು ಹೆಸರಾಯಿತು) ಡ್ರೋನಿನಿಂದ ಸಿಂಪಡಿಸುವ ಮಾತು ಈಗ ಹಳ್ಳಿಕಟ್ಟೆಗೂ ಬಂದಿದೆ. ರೈತ ಉತ್ಪಾದಕರ ಸಂಘಗಳು, ಮಹಿಳಾ ಸ್ವಸಹಾಯ ಸಂಘಗಳು ಯಂತ್ರ ಕೊಳ್ಳುವ ಯೋಚನೆ ಮಾಡುತ್ತಿವೆ.

ಯಂತ್ರ ಕೊಳ್ಳಬೇಕೇ ಬೇಡವೇ ಎಂಬುದನ್ನು ಈ ಲೇಖನ ಚರ್ಚಿಸುವುದಿಲ್ಲ. ಕೊಂಡ ಯಂತ್ರ ಪೆಟ್ಟಿಗೆಯಲ್ಲಿ ನಿಮ್ಮ ಅಂಗಳಕ್ಕೆ ಬಂದಿದೆ ಎಂದು ಭಾವಿಸೋಣ. ಅದು ಮೊದಲ ಸಲ ನೆಲ ಬಿಡುವ ಮುನ್ನ ಏನೇನು ಮಾಡಬೇಕು ಎಂಬುದೇ ಇಲ್ಲಿಯ ವಿಷಯ. ಲಕ್ಷಾಂತರ ರೂಪಾಯಿಯ ಯಂತ್ರ ಮೊದಲ ದಿನವೇ ತೆಂಗಿನ ಮರಕ್ಕೆ ಬಡಿಯಬಾರದು ಎಂಬುದು ಇದರ ಒಂದು ಉದ್ದೇಶ. ನಿಮ್ಮ ಯಂತ್ರದಿಂದ ಪಕ್ಕದವರ ರೇಷ್ಮೆ ಬೆಳೆ ಸಾಯಬಾರದು ಎಂಬುದು ಇನ್ನೊಂದು. ಈ ಎರಡನೆಯದೇ ನನಗೆ ದೊಡ್ಡದು.

ಆಟಿಕೆ ವಿಮಾನದಿಂದ ಕಲಿಯುವುದು

ರೇಡಿಯೊ ಅಲೆಗಳಿಂದ ನಡೆಸುವ ಪುಟ್ಟ ಮಾದರಿ ವಿಮಾನಗಳನ್ನು ಹಾರಿಸುವ ಹವ್ಯಾಸಿಗಳು ಬೆಂಗಳೂರಿನ ಸುತ್ತಮುತ್ತ ಬಹಳ ವರ್ಷಗಳಿಂದ ಇದ್ದಾರೆ. ತಿಂಗಳುಗಟ್ಟಲೆ ಕೂತು ಕಟ್ಟಿದ ವಿಮಾನವನ್ನು ಅವರು ಮೊದಲ ಸಲ ಹಾರಿಸುವ ಮುನ್ನ ಎರಡು ಪರೀಕ್ಷೆಗಳನ್ನು ತಪ್ಪದೆ ಮಾಡುತ್ತಾರೆ. ಮೊದಲನೆಯದರಲ್ಲಿ ರೆಕ್ಕೆಯ ಕೆಳಗೆ, ಅದರ ಅಗಲದಲ್ಲಿ ಮುಂದಿನಿಂದ ಕಾಲು ಭಾಗಕ್ಕೂ ಮೂರನೇ ಒಂದು ಭಾಗಕ್ಕೂ ನಡುವೆ, ಎರಡು ಬೆರಳಿಟ್ಟು ಎತ್ತಿ ನೋಡುತ್ತಾರೆ. ವಿಮಾನ ತಕ್ಕಡಿಯಂತೆ ಸಮನಾಗಿ ನಿಲ್ಲಬೇಕು. ಬಾಲ ಭಾರವಾಗಿ ಇಳಿದರೆ ಅದನ್ನು ಹಾರಿಸುವುದೇ ಇಲ್ಲ. ಎರಡನೆಯದಾಗಿ, ರಿಮೋಟಿನ ಕಡ್ಡಿಯನ್ನು ಬಲಕ್ಕೆ ತಳ್ಳಿದಾಗ ಬಲರೆಕ್ಕೆಯ ತುದಿಯ ಪಟ್ಟಿ ಮೇಲೇಳುತ್ತದೆಯೇ, ಎಡಗಡೆಯದು ಇಳಿಯುತ್ತದೆಯೇ ಎಂದು ನೋಡುತ್ತಾರೆ. ತಂತಿ ಅದಲುಬದಲಾಗಿದ್ದರೆ ವಿಮಾನ ಬಲಕ್ಕೆ ಎಂದರೆ ಎಡಕ್ಕೆ ವಾಲುತ್ತದೆ. ಹೊಸ ವಿಮಾನಗಳು ನೆಲಕ್ಕೆ ಬೀಳುವುದಕ್ಕೆ ಇದು ಬಹಳ ಹಳೆಯ ಕಾರಣ.

ಹೊಲದ ಮೇಲೆ ಹಾರುವ ಸಿಂಪಡಣಾ ಯಂತ್ರವೂ ಇದೇ ವಂಶದ್ದು. 1987ರಲ್ಲಿ ಜಪಾನಿನ ಯಮಾಹಾ ಕಂಪನಿ ಭತ್ತದ ಗದ್ದೆಗೆ ಔಷಧ ಸಿಂಪಡಿಸಲು ಆರ್-50 ಎಂಬ ಆಳಿಲ್ಲದ ಪುಟ್ಟ ಹೆಲಿಕಾಪ್ಟರನ್ನು ಹೊರತಂದಿತು. ನಮ್ಮ ಹಾಗೆಯೇ ಅಲ್ಲಿಯೂ ಹಳ್ಳಿಯಲ್ಲಿ ದುಡಿಯುವ ಕೈಗಳು ಕಡಿಮೆಯಾಗಿದ್ದವು. ಇಂದಿನ ಡ್ರೋನಿಗೆ ನಾಲ್ಕು ಅಥವಾ ಆರು ತೋಳುಗಳು, ಪ್ರತಿ ತೋಳಿನ ತುದಿಗೆ ಒಂದು ಮೋಟಾರು, ಅದರ ಮೇಲೆ ಒಂದು ಫ್ಯಾನು. ನಡುವೆ ಸಾಮಾನ್ಯವಾಗಿ 10 ಲೀಟರಿನ ಔಷಧದ ಡ್ರಮ್ಮು.

ಮನೆಯಲ್ಲಿ ಹುಡುಗನೋ ಹುಡುಗಿಯೋ ಇದನ್ನು ಕಲಿಯಬೇಕೆಂದಿದ್ದರೆ ಮೊದಲು ಒಂದು ಸಣ್ಣ ಡ್ರೋನ್ ಕೊಡಿಸಿ. 2021ರ ಡ್ರೋನ್ ನಿಯಮಗಳ ಪ್ರಕಾರ 250 ಗ್ರಾಂವರೆಗಿನದಕ್ಕೆ ಚಾಲಕರ ಪ್ರಮಾಣಪತ್ರ ಬೇಕಿಲ್ಲ. ಅದನ್ನು ಹತ್ತು ಸಲ ಬೀಳಿಸಿಕೊಂಡರೂ ಹೋಗುವುದು ನೂರಿನ್ನೂರು ರೂಪಾಯಿಯ ಫ್ಯಾನು ಮಾತ್ರ. ಕೈ ಪಳಗುತ್ತದೆ.

ಕಾಗದಪತ್ರ

ಇದನ್ನು ಚಿಕ್ಕದಾಗಿ ಹೇಳಿ ಮುಗಿಸುತ್ತೇನೆ. ಔಷಧ ತುಂಬಿದ ಡ್ರೋನ್ 2ರಿಂದ 25 ಕಿಲೊ ತೂಕದ 'ಸಣ್ಣ' ವರ್ಗಕ್ಕೆ ಸೇರುತ್ತದೆ. ಯಂತ್ರಕ್ಕೆ ಗುರುತಿನ ಸಂಖ್ಯೆ ಇರಬೇಕು. ಹಾರಿಸುವವರು ಹತ್ತನೇ ತರಗತಿ ಮುಗಿಸಿ, ಮಾನ್ಯತೆ ಪಡೆದ ಶಾಲೆಯಲ್ಲಿ ತರಬೇತಿ ಹೊಂದಿ ಚಾಲಕರ ಪ್ರಮಾಣಪತ್ರ ಪಡೆದಿರಬೇಕು. ಇತರರಿಗೆ ಆಗುವ ಹಾನಿಗೆ ವಿಮೆ ಇರಬೇಕು. ನಿಮ್ಮ ಜಮೀನು ಹಸಿರು ವಲಯದಲ್ಲಿದೆಯೇ ಎಂದು ವಿಮಾನಯಾನ ಇಲಾಖೆಯ ನಕ್ಷೆಯಲ್ಲಿ ಅದೇ ದಿನ ನೋಡಿಕೊಳ್ಳಬೇಕು, ಏಕೆಂದರೆ ವಲಯಗಳು ಬದಲಾಗುವುದುಂಟು. ಸಹಾಯಧನದ ವಿಚಾರವನ್ನು ರೈತ ಸಂಪರ್ಕ ಕೇಂದ್ರದಲ್ಲಿ ವಿಚಾರಿಸಿ. 2023ರ ನವೆಂಬರಿನಲ್ಲಿ ಕೇಂದ್ರ ಸರ್ಕಾರ ಒಪ್ಪಿದ ನಮೋ ಡ್ರೋನ್ ದೀದಿ ಯೋಜನೆಯಲ್ಲಿ ಮಹಿಳಾ ಸಂಘಗಳಿಗೆ ಬೆಲೆಯ ಶೇ. 80ರಷ್ಟು, 8 ಲಕ್ಷ ರೂಪಾಯಿ ಮೀರದಂತೆ, ನೆರವು ಗೊತ್ತುಮಾಡಲಾಗಿತ್ತು.

ಇನ್ನೊಂದು ಮಾತು. ರಾಮನಗರದ ರಾಮದೇವರ ಬೆಟ್ಟ 2012ರಿಂದ ರಣಹದ್ದುಗಳ ವನ್ಯಧಾಮ. ಬೆಟ್ಟದ ಅಂಚಿನಲ್ಲಿ ಜಮೀನು ಇರುವವರು, ಹಾಗೆಯೇ ಕನಕಪುರದ ಕಡೆ ಬನ್ನೇರುಘಟ್ಟ ಮತ್ತು ಕಾವೇರಿ ಅರಣ್ಯದ ಅಂಚಿನವರು, ಅರಣ್ಯ ಇಲಾಖೆಯನ್ನು ಕೇಳದೆ ಹಾರಿಸಬಾರದು. ಉದ್ದ ಕೊಕ್ಕಿನ ರಣಹದ್ದು ವರ್ಷಕ್ಕೆ ಒಂದೇ ಮೊಟ್ಟೆ ಇಡುವ ಹಕ್ಕಿ. ಯಂತ್ರದ ಸದ್ದಿಗೆ ಗೂಡು ಬಿಟ್ಟೆದ್ದರೆ ಆ ವರ್ಷದ ಮರಿ ಹೋದಂತೆ.

ಅಂಗಳದಲ್ಲಿ ಮಾಡುವ ಕೆಲಸ

ಮೊದಲ ಪರೀಕ್ಷೆಗಳನ್ನೆಲ್ಲ ಫ್ಯಾನುಗಳನ್ನು ಬಿಚ್ಚಿಟ್ಟು ಮಾಡತಕ್ಕದ್ದು. ಬ್ಯಾಟರಿ ಜೋಡಿಸಿದ ಮೇಲೆ ಮೋಟಾರು ಯಾವ ಗಳಿಗೆಯಲ್ಲಾದರೂ ತಿರುಗಬಹುದು. ಈ ಫ್ಯಾನುಗಳು ಮೇವು ಕತ್ತರಿಸುವ ಯಂತ್ರದ ಅಲಗಿಗಿಂತ ಕಡಿಮೆಯೇನಲ್ಲ, ಬೆರಳು ಉಳಿಯುವುದಿಲ್ಲ.

ತೋಳುಗಳನ್ನು ಬಿಡಿಸಿ ಕೀಲುಗಳು ಬಿಗಿಯಾಗಿ ಕೂತಿವೆಯೇ ಎಂದು ಒಂದೊಂದನ್ನೂ ಹಿಡಿದು ಅಲುಗಿಸಿ ನೋಡಿ. ತಿರುಪುಗಳು ಲಾರಿಯ ಕುಲುಕಾಟಕ್ಕೆ ಸಡಿಲಾಗಿರುತ್ತವೆ. ಬಳಿಕ ಕಂಪನಿಯವರು ಕೊಟ್ಟ ಆ್ಯಪ್‌ನಲ್ಲಿ ಮೋಟಾರುಗಳನ್ನು ಒಂದೊಂದಾಗಿ ತಿರುಗಿಸಿ, ಸರದಿಯೂ ದಿಕ್ಕೂ ಪುಸ್ತಕದಲ್ಲಿರುವಂತೆಯೇ ಇವೆಯೇ ಎಂದು ತಾಳೆ ನೋಡಿ. ಅಕ್ಕಪಕ್ಕದ ಮೋಟಾರುಗಳು ಒಂದಕ್ಕೊಂದು ಎದುರು ದಿಕ್ಕಿನಲ್ಲಿ ತಿರುಗಬೇಕು, ಇಲ್ಲವಾದರೆ ಯಂತ್ರ ಬುಗುರಿಯಂತೆ ತಾನೇ ಸುತ್ತುತ್ತದೆ. ಆಮೇಲೆ ಇಬ್ಬರು ಯಂತ್ರವನ್ನು ಎತ್ತಿ ಮುಂದಕ್ಕೆ, ಹಿಂದಕ್ಕೆ, ಎಡಬಲಕ್ಕೆ ವಾಲಿಸಿ. ಪರದೆಯ ಮೇಲಿನ ಚಿತ್ರವೂ ಅದೇ ಕಡೆಗೆ ವಾಲಬೇಕು. ಮಾದರಿ ವಿಮಾನದವರ ರೆಕ್ಕೆಯ ಪರೀಕ್ಷೆಗೆ ಸಮನಾದದ್ದು ಇದೇ. ತಿರುಗು ಮುರುಗಾಗಿ ಕಂಡರೆ ಅಲ್ಲಿಗೇ ನಿಲ್ಲಿಸಿ ಮಾರಿದವರನ್ನು ಕರೆಸಿ.

ಫ್ಯಾನುಗಳ ವಿಚಾರದಲ್ಲಿ ಚನ್ನಪಟ್ಟಣದ ಬೊಂಬೆ ಮಾಡುವವರಿಗೆ ಹೆಚ್ಚು ಹೇಳಬೇಕಾಗಿಲ್ಲ. ತಿರುಗಣಿಗೆ ಕೊಟ್ಟ ಆಲೆ ಮರದ ತುಂಡು ನಡುವಿನಿಂದ ಒಂದು ನೂಲಿನಷ್ಟು ಸರಿದರೂ ಕೈಗೆ ನಡುಕ ಬರುತ್ತದೆ. ಹಾಗೆ ಮಾಡಿದ ಬುಗುರಿ ನಿದ್ದೆ ಹೋಗುವುದಿಲ್ಲ, ಓಲಾಡುತ್ತದೆ. ಫ್ಯಾನಿನ ಒಂದು ತುದಿ ಕಲ್ಲಿಗೆ ತಾಗಿ ಚೂರು ಎದ್ದಿದ್ದರೂ ಅಷ್ಟೆ. ಆ ನಡುಕ ತೋಳಿಗೆ ಇಳಿದು, ತಿರುಪು ಸಡಿಲಿಸಿ, ಯಂತ್ರದ ಮಿದುಳಿಗೆ ತಪ್ಪು ಸುದ್ದಿ ಕೊಡುತ್ತದೆ. ಬಿರುಕು ಬಿಟ್ಟ ಫ್ಯಾನನ್ನು ಅಂಟು ಹಚ್ಚಿ ಸರಿಪಡಿಸಬೇಡಿ, ಬಿಸಾಡಿ. ಎಡಕ್ಕೆ ತಿರುಗುವ ಫ್ಯಾನು, ಬಲಕ್ಕೆ ತಿರುಗುವ ಫ್ಯಾನು ಬೇರೆ ಬೇರೆ, ಗುರುತು ನೋಡಿ ಹಾಕಬೇಕು.

ತೂಕ ನೋಡುವುದು ಸುಲಭ. ಬ್ಯಾಟರಿ ಕೂಡಿಸಿ, ಖಾಲಿ ಡ್ರಮ್ಮಿನೊಂದಿಗೆ, ಎದುರು ಬದುರಿನ ಎರಡು ತೋಳುಗಳನ್ನು ಇಬ್ಬರು ಬೆರಳ ತುದಿಯಲ್ಲಿ ಎತ್ತಿ ಹಿಡಿಯಿರಿ. ಒಂದು ಕಡೆಗೆ ವಾಲಿದರೆ ಬ್ಯಾಟರಿಯನ್ನು ಸ್ವಲ್ಪ ಸರಿಸಿ ಪಟ್ಟಿ ಬಿಗಿಯಿರಿ. ಡ್ರಮ್ಮು ತುಂಬಿ ಮತ್ತೊಮ್ಮೆ ನೋಡಿ.

ಬ್ಯಾಟರಿಯ ಬಗ್ಗೆ ಮಾತ್ರ ಅಸಡ್ಡೆ ಬೇಡ. ಇವು ಲಿಥಿಯಂ ಪಾಲಿಮರ್ ಬ್ಯಾಟರಿಗಳು. ಒಂದೊಂದು ಕೋಶವೂ ಪೂರ್ಣ ತುಂಬಿದಾಗ 4.2 ವೋಲ್ಟು; ಹಾರಾಟದ ಕೊನೆಯಲ್ಲಿ 3.5ಕ್ಕಿಂತ ಇಳಿಯಲು ಬಿಡಬಾರದು. ಕೆಲವು ದಿನ ಸುಮ್ಮನೆ ಇಡುವುದಾದರೆ 3.8ರ ಹತ್ತಿರ ಇಡಬೇಕು. ಔಷಧ ಹೊತ್ತ ಯಂತ್ರ ಒಂದು ಬ್ಯಾಟರಿಗೆ ಹತ್ತು ಹನ್ನೆರಡು ನಿಮಿಷ ಹಾರಿದರೆ ಹೆಚ್ಚು. ಆದ್ದರಿಂದ ಮೊದಲ ದಿನ ಗಡಿಯಾರ ನೋಡಿ ಐದೇ ನಿಮಿಷಕ್ಕೆ ಇಳಿಸಿ. ಉಬ್ಬಿದ ಬ್ಯಾಟರಿಯನ್ನು ಮುಟ್ಟದಿರಿ. ಹಾರಿ ಬಂದ ಬಿಸಿ ಬ್ಯಾಟರಿಯನ್ನು ಆರಿದ ಮೇಲೆಯೇ ಚಾರ್ಜಿಗೆ ಹಾಕಿ, ಚಾರ್ಜಾಗುವಷ್ಟು ಹೊತ್ತು ಒಬ್ಬರು ಅಲ್ಲೇ ಇರಬೇಕು. ಹುಳುಮನೆಯಲ್ಲಿ ಕರೆಂಟು ಚೆನ್ನಾಗಿದೆಯೆಂದು ಅಲ್ಲಿ ಚಾರ್ಜು ಹಾಕುವುದು, ಹುಲ್ಲಿನ ಮೆದೆಯ ಪಕ್ಕದಲ್ಲಿಡುವುದು ಸಲ್ಲದು. ಈ ಬೆಂಕಿ ಹತ್ತಿಕೊಂಡರೆ ಸುಲಭವಾಗಿ ಆರುವುದಿಲ್ಲ. ಕಲ್ಲುಚಪ್ಪಡಿಯ ಮೇಲೆ ಇಟ್ಟು, ಪಕ್ಕದಲ್ಲಿ ಒಣ ಮರಳಿನ ಬಕೀಟು ಇರಲಿ.

ಹೊಲದಲ್ಲಿ

ಮೊದಲ ಹಾರಾಟಕ್ಕೆ ಮಾವಿನ ತೋಟ ಬೇಡ, ತೆಂಗಿನ ತೋಟವಂತೂ ಬೇಡವೇ ಬೇಡ. ರಾಗಿ ಕೊಯ್ದ ಬಯಲು ಹೊಲ ಒಳ್ಳೆಯದು. ಹಿಂದಿನ ಸಂಜೆ ಹೊಲದ ನಾಲ್ಕು ಮೂಲೆಗೂ ನಡೆದು ವಿದ್ಯುತ್ ತಂತಿ ಎಲ್ಲೆಲ್ಲಿ ಹಾದಿದೆ ಎಂದು ನೋಡಿಕೊಳ್ಳಿ. ಕಂಬ ಕಾಣುತ್ತದೆ, ಬಿಸಿಲಿಗೆ ಎದುರಾಗಿ ನೋಡಿದರೆ ತಂತಿ ಕಾಣುವುದಿಲ್ಲ. ಕೊಳವೆಬಾವಿಯ ಮೋಟಾರಿಗೆ ಎಳೆದ ತಂತಿ ಇನ್ನೂ ಕೆಳಗೆ ಜೋತಿರುತ್ತದೆ.

ಯಂತ್ರಕ್ಕೆ ದಿಕ್ಕು ತಿಳಿಸುವುದು ಒಳಗಿರುವ ದಿಕ್ಸೂಚಿ. ಹೊಸ ಜಾಗದಲ್ಲಿ ಅದನ್ನು ಹೊಂದಿಸಿಕೊಳ್ಳಬೇಕಾಗುತ್ತದೆ. ಟ್ರ್ಯಾಕ್ಟರು, ಕೊಳವೆಬಾವಿಯ ಕಬ್ಬಿಣದ ಕೇಸಿಂಗು, ಟ್ರಾನ್ಸ್‌ಫಾರ್ಮರು, ತಗಡಿನ ಶೆಡ್ಡು ಇವುಗಳ ಪಕ್ಕದಲ್ಲಿ ಹೊಂದಿಸಿದರೆ ದಿಕ್ಸೂಚಿ ಕಬ್ಬಿಣವನ್ನೇ ಉತ್ತರವೆಂದು ತಿಳಿಯುತ್ತದೆ. ಮೇಲೆದ್ದ ಯಂತ್ರ ಆಗ ನಿಂತಲ್ಲಿ ನಿಲ್ಲದೆ ಗಾಣದ ಎತ್ತಿನಂತೆ ಸುತ್ತಲಾರಂಭಿಸುತ್ತದೆ, ಸುತ್ತು ದೊಡ್ಡದಾಗುತ್ತ ಹೋಗುತ್ತದೆ. ಕಬ್ಬಿಣದಿಂದ ಮೂವತ್ತು ಹೆಜ್ಜೆಯಾದರೂ ದೂರ ಹೋಗಿ, ಜೇಬಿನ ಮೊಬೈಲು, ಬೀಗದ ಕೈ ಗೊಂಚಲನ್ನು ಬೇರೆಯವರ ಕೈಗೆ ಕೊಟ್ಟು ಈ ಕೆಲಸ ಮಾಡಿ.

ಇನ್ನು 'ಮನೆಗೆ ಮರಳುವ' ಏರ್ಪಾಡು. ರಿಮೋಟಿನ ಸಂಪರ್ಕ ತಪ್ಪಿದರೆ ಅಥವಾ ಬ್ಯಾಟರಿ ಇಳಿದರೆ ಯಂತ್ರ ತಾನಾಗಿ, ಗೊತ್ತುಮಾಡಿದ ಎತ್ತರಕ್ಕೆ ಏರಿ, ಹೊರಟ ಜಾಗಕ್ಕೆ ನೆಟ್ಟಗೆ ಬಂದು ಇಳಿಯುತ್ತದೆ. ಈ ಎತ್ತರವನ್ನು ಕಂಪನಿಯವರು ಇಟ್ಟಂತೆಯೇ ಬಿಡಬೇಡಿ. ಚನ್ನಪಟ್ಟಣದ ಕಡೆ ಹಳೆಯ ತೆಂಗಿನ ಮರಗಳು 20 ಮೀಟರಿಗೂ ಮೇಲಿರುತ್ತವೆ. ಎತ್ತರ 15 ಮೀಟರು ಎಂದಿದ್ದರೆ ಯಂತ್ರ ನೇರ ಗರಿಗಳೊಳಕ್ಕೆ ಬರುತ್ತದೆ. ಸುತ್ತಲಿನ ಅತಿ ಎತ್ತರದ ಮರ ನೋಡಿ, ಅದಕ್ಕಿಂತ ಹತ್ತು ಮೀಟರು ಹೆಚ್ಚಿಗೆ ಇಡಿ. ಉಪಗ್ರಹಗಳ ಗುರುತು ಹತ್ತು ಹನ್ನೆರಡಾದರೂ ಪರದೆಯಲ್ಲಿ ಕಾಣುವವರೆಗೆ ಕಾಯಿರಿ. ಅವಸರದಲ್ಲಿ ಎತ್ತಿದರೆ ಅದು 'ಮನೆ' ಎಂದು ನೆನಪಿಟ್ಟುಕೊಳ್ಳುವ ಜಾಗವೇ ತಪ್ಪಾಗಿರಬಹುದು.

ಪೂಜೆಯ ವಿಷಯ. ಹೊಸ ಯಂತ್ರಕ್ಕೆ ಪೂಜೆ ಮಾಡದೆ ನಮ್ಮಲ್ಲಿ ಯಾರೂ ಕೆಲಸ ಶುರುಮಾಡುವುದಿಲ್ಲ, ಮಾಡಲಿ. ಆದರೆ ಕುಂಕುಮ, ಅರಿಶಿನವನ್ನು ಡ್ರಮ್ಮಿಗೆ ಹಚ್ಚಿ. ಕೆಳಗಿರುವ ಗಾಜಿನ ಕಣ್ಣುಗಳಿಗೆ, ಮೋಟಾರಿನ ಸಂದಿಗೆ ಬೇಡ. ಹಾರ, ನಿಂಬೆಹಣ್ಣು ಕಟ್ಟಿದ ದಾರ ಎಲ್ಲವನ್ನೂ ಬಿಚ್ಚಿ ತೆಗೆದ ಮೇಲೆಯೇ ಹಾರಿಸಬೇಕು. ಒಂದು ಎಳೆ ದಾರ ಮೋಟಾರಿಗೆ ಸುತ್ತಿಕೊಂಡರೆ ಯಂತ್ರ ಮಗುಚುತ್ತದೆ. ಊರಿನ ಮಕ್ಕಳು, ನಾಯಿಗಳು ಸೇರುವುದು ಖಂಡಿತ. ಜನರನ್ನು ಇಪ್ಪತ್ತು ಹೆಜ್ಜೆ ಆಚೆ ನಿಲ್ಲಿಸುವುದೇ ಕೆಲಸವಾಗಿ ಒಬ್ಬರನ್ನು, ಸ್ವಲ್ಪ ಗಟ್ಟಿ ಗಂಟಲಿನವರನ್ನು, ನೇಮಿಸಿ.

ಗಾಳಿ ಏಳುವ ಮುನ್ನ, ಬೆಳಿಗ್ಗೆ ಏಳರಿಂದ ಒಂಬತ್ತರೊಳಗೆ ಹಾರಿಸಿ. ಡ್ರಮ್ಮು ಖಾಲಿ ಇರಲಿ. ಯಂತ್ರದ ಬೆನ್ನು ನಿಮ್ಮ ಕಡೆ, ಮೂತಿ ಆಚೆ ಕಡೆ ಇರುವಂತೆ ಇಟ್ಟರೆ ಅದರ ಬಲ ನಿಮ್ಮ ಬಲವೇ ಆಗುತ್ತದೆ. ಅದು ನಿಮ್ಮತ್ತ ಮುಖ ಮಾಡಿದಾಗ ಎಡಬಲ ಅದಲಾಗುತ್ತವೆ, ಹೊಸಬರು ಗಾಬರಿಯಾಗುವುದು ಆಗಲೇ. ಅಳುಕಿ ಅಳುಕಿ ಅರ್ಧ ಅಡಿ ಎತ್ತಬೇಡಿ. ನೆಲಕ್ಕೆ ಬಡಿದು ಹಿಂತಿರುಗುವ ಗಾಳಿಯಲ್ಲಿ ಯಂತ್ರ ತತ್ತರಿಸುತ್ತದೆ. ಒಂದೇ ಸಮನೆ ಎರಡು ಮೂರು ಮೀಟರಿಗೆ ಎತ್ತಿ ಒಂದು ನಿಮಿಷ ನಿಲ್ಲಿಸಿ. ಕಡ್ಡಿಗಳನ್ನು ಬಿಟ್ಟಾಗ ನಿಂತಲ್ಲೇ ನಿಲ್ಲಬೇಕು. ಇಳಿಸಿ, ಬ್ಯಾಟರಿ ಕಳಚಿ, ಮೋಟಾರುಗಳನ್ನು ಒಂದೊಂದಾಗಿ ಅಂಗೈ ಹಿಂಬದಿಯಿಂದ ಮುಟ್ಟಿ ನೋಡಿ. ಎಲ್ಲವೂ ಒಂದೇ ಸಮ ಬೆಚ್ಚಗಿದ್ದರೆ ಸರಿ. ಒಂದು ಮಾತ್ರ ಸುಡುತ್ತಿದ್ದರೆ ಅದರ ತೋಳು ಓರೆಯಾಗಿದೆ, ಇಲ್ಲವೇ ಬೇರಿಂಗು ಕೆಟ್ಟಿದೆ.

ಎರಡನೆಯ ಸಲ ಮುಂದೆ, ಹಿಂದೆ, ಪಕ್ಕಕ್ಕೆ ಓಡಿಸಿ. ಮೂರನೆಯ ಸಲ ಮನೆಗೆ ಮರಳುವ ಗುಂಡಿ ಒತ್ತಿ ನೋಡಿ. ಆಮೇಲೆ ಬರಿಯ ನೀರು, ಮೊದಲು ಐದು ಲೀಟರು, ಬಳಿಕ ಹತ್ತು. ಅರ್ಧ ತುಂಬಿದ ಡ್ರಮ್ಮಿನಲ್ಲಿ ನೀರು ತುಳುಕಿ ಯಂತ್ರವನ್ನು ಎಳೆದಾಡುತ್ತದೆ. ತಲೆಯ ಮೇಲೆ ಅರೆಗೊಡ ಹೊತ್ತವರಿಗೆ ಇದು ಗೊತ್ತು. ಹಠಾತ್ತನೆ ನಿಲ್ಲಿಸುವುದು, ತಿರುಗಿಸುವುದು ಬೇಡ. ಮೊದಲ ದಿನ ಔಷಧ ತುಂಬಲೇಬಾರದು.

ನೀರಿನ ಲೆಕ್ಕ

ಬೆನ್ನಿನ ಪಂಪಿನಲ್ಲಿ ಎಕರೆಗೆ ಸುಮಾರು 200 ಲೀಟರು ನೀರು ಬೇಕು. ಡ್ರೋನ್ 10 ಲೀಟರಿನಲ್ಲಿ ಎಕರೆ ಮುಗಿಸುತ್ತದೆ. ಎಕರೆಗೆ 60 ಮಿ.ಲೀ. ಔಷಧವೆಂದು ಶಿಫಾರಸಿದ್ದರೆ ಪಂಪಿನಲ್ಲಿ ಲೀಟರಿಗೆ 0.3 ಮಿ.ಲೀ. ಬೀಳುತ್ತದೆ, ಡ್ರೋನಿನಲ್ಲಿ ಲೀಟರಿಗೆ 6 ಮಿ.ಲೀ. ಎಂದರೆ ಒಂದೊಂದು ಹನಿಯೂ ಇಪ್ಪತ್ತು ಪಟ್ಟು ಖಾರ. ಈ ಮಾತನ್ನು ನೆನಪಿಡಿ, ಮುಂದೆ ಬೇಕಾಗುತ್ತದೆ. ಎಕರೆವಾರು ಪ್ರಮಾಣವನ್ನು ಮಾತ್ರ ಹೆಚ್ಚಿಸುವಂತಿಲ್ಲ, ಮತ್ತು ಆ ಬೆಳೆಗೆ ಶಿಫಾರಸಾಗಿ ಡ್ರೋನಿಗೆ ಒಪ್ಪಿಗೆ ಇರುವ ಔಷಧವನ್ನೇ ಬಳಸಬೇಕು.

ನಳಿಕೆಗಳನ್ನು ಅಳೆಯುವ ಬಗೆ ಹೀಗೆ. ಯಂತ್ರ ಸೆಕೆಂಡಿಗೆ 4 ಮೀಟರು ಓಡಿ, 4 ಮೀಟರು ಅಗಲ ನೆನೆಸಿದರೆ ಸೆಕೆಂಡಿಗೆ 16 ಚದರ ಮೀಟರು ಮುಗಿಯುತ್ತದೆ. ಎಕರೆ ಎಂದರೆ ಸುಮಾರು 4,000 ಚದರ ಮೀಟರು, 250 ಸೆಕೆಂಡಿನ ಕೆಲಸ. ಅಷ್ಟರಲ್ಲಿ 10 ಲೀಟರು ಬೀಳಬೇಕಾದರೆ ನಿಮಿಷಕ್ಕೆ 2.4 ಲೀಟರು, ನಾಲ್ಕು ನಳಿಕೆ ಇದ್ದರೆ ತಲಾ 600 ಮಿ.ಲೀ. ಫ್ಯಾನು ಬಿಚ್ಚಿ, ಯಂತ್ರವನ್ನು ಎರಡು ಬೆಂಚಿನ ಮೇಲಿಟ್ಟು, ಪ್ರತಿ ನಳಿಕೆಗೂ ಒಂದು ಬಾಟಲಿ ಹಿಡಿದು ಒಂದು ನಿಮಿಷ ಪಂಪು ಬಿಡಿ. ಒಂದು ಬಾಟಲಿ 500, ಇನ್ನೊಂದು 700 ಬಂದರೆ ಹೊಲದಲ್ಲಿ ಒಂದು ಪಟ್ಟೆ ಸುಡುತ್ತದೆ, ಒಂದು ಪಟ್ಟೆಯಲ್ಲಿ ಹುಳು ಉಳಿಯುತ್ತದೆ. ನಳಿಕೆ ತೊಳೆದು ಮತ್ತೆ ಅಳೆಯಿರಿ.

ಪಕ್ಕದ ಹಿಪ್ಪುನೇರಳೆ

ನಮ್ಮ ಈ ತಾಲ್ಲೂಕುಗಳಲ್ಲಿ ಡ್ರೋನಿನ ಪ್ರಶ್ನೆ ಬೇರೆ ಜಿಲ್ಲೆಗಳಂತಲ್ಲ. ರಾಮನಗರದ ಗೂಡಿನ ಮಾರುಕಟ್ಟೆಗೆ ಏಷ್ಯಾದಲ್ಲೇ ದೊಡ್ಡದೆಂಬ ಹೆಸರಿದೆ. ಮಾವಿನ ತೋಟದ ಬದುವಿಗೇ ಹಿಪ್ಪುನೇರಳೆ, ಜೋಳದ ಹೊಲದ ಪಕ್ಕಕ್ಕೇ ಹಿಪ್ಪುನೇರಳೆ. ನಾವು ಜೋಳದಲ್ಲಿ ಕೊಲ್ಲಬೇಕೆನ್ನುವ ಸೈನಿಕ ಹುಳುವೂ ತಟ್ಟೆಯಲ್ಲಿ ಸಾಕುವ ರೇಷ್ಮೆ ಹುಳುವೂ ಪತಂಗದ ಮರಿಗಳೇ. 2018ರಲ್ಲಿ ನಮ್ಮ ರಾಜ್ಯದಲ್ಲಿ ಮೊದಲು ಕಂಡುಬಂದ ಆ ಸೈನಿಕ ಹುಳುವಿಗಾಗಿ ಬಂದ ಔಷಧಗಳು ಪತಂಗದ ಮರಿಗಳನ್ನು ಹುಡುಕಿ ಕೊಲ್ಲುವಂಥವು. ಅವಕ್ಕೆ ಇದು ಕಳ್ಳ, ಇದು ಮನೆಯವನು ಎಂಬ ಭೇದ ತಿಳಿಯದು. ಮಾವಿನ ಜಿಗಿಹುಳುವಿಗೆ ಹೊಡೆಯುವ ಔಷಧಗಳೂ ರೇಷ್ಮೆ ಹುಳುವಿಗೆ ಘೋರ ವಿಷ.

ವಿಷದ ಸೊಪ್ಪು ತಿಂದ ಹುಳು ಮೇಯುವುದನ್ನು ನಿಲ್ಲಿಸಿ ತಲೆ ಎತ್ತಿ ಆಡಿಸುತ್ತದೆ, ಬಾಯಿಂದ ರಸ ಕಕ್ಕುತ್ತದೆ, ಮೈ ಕುಗ್ಗಿ ಸಾಯುತ್ತದೆ. ಪ್ರಮಾಣ ಕಡಿಮೆಯಾದರೆ ಸಾಯದೆ ಉಳಿದು, ಚಂದ್ರಿಕೆಗೆ ಬಿಟ್ಟಾಗ ಗೂಡು ಕಟ್ಟದೆ ಓಡಾಡುತ್ತದೆ. ನಾಲ್ಕನೇ ಜ್ವರ ಎದ್ದ ಹುಳುವೇ ಒಟ್ಟು ಸೊಪ್ಪಿನ ಶೇ. 80ಕ್ಕೂ ಹೆಚ್ಚು ತಿನ್ನುವುದರಿಂದ, ನಷ್ಟವಾಗುವುದು ರೈತ ಎಲ್ಲ ಖರ್ಚು ಹಾಕಿ ಮುಗಿಸಿದ ಮೇಲೆ. ನಮ್ಮ ಮನೆಯಲ್ಲಿಯೇ ಒಮ್ಮೆ ಹೀಗಾಯಿತು. ಬೆನ್ನಿನ ಪಂಪಿನಲ್ಲಿ ಮಾವಿಗೆ ಔಷಧ ಹೊಡೆದವರು ನಾವೇ, ಬದುವಿನಾಚೆಯ ಸೊಪ್ಪು ನಮ್ಮ ದಾಯಾದಿಗಳದು. ಅವರ ಹುಳು ಎರಡೇ ದಿನದಲ್ಲಿ ಹೋಯಿತು. ದೊಡ್ಡಪ್ಪನವರು ಒಂದು ಮಾತೂ ಆಡಲಿಲ್ಲ. ಸತ್ತ ಹುಳುವಿನ ತಟ್ಟೆಗಳನ್ನು ಹೊತ್ತುಕೊಂಡು ನಮ್ಮ ಮನೆಯ ಮುಂದೆಯೇ ತಿಪ್ಪೆಗೆ ಹೋದರು. ಅದು ಲೀಟರಿಗೆ 0.3 ಮಿ.ಲೀ. ಬೆರೆಸಿದ ನೀರು. ಡ್ರೋನಿನ ಹನಿ ಇಪ್ಪತ್ತು ಪಟ್ಟು.

ಮೇಲಿನಿಂದ ಸಿಂಪಡಿಸುವಾಗ ಗಡಿ ಮರೆತರೆ ಏನಾಗುತ್ತದೆ ಎಂಬುದಕ್ಕೆ ಕಾಸರಗೋಡಿನ ಉದಾಹರಣೆ ಇದೆ. ಅಲ್ಲಿಯ ಗೋಡಂಬಿ ತೋಟಗಳ ಮೇಲೆ ಎರಡು ದಶಕಕ್ಕೂ ಹೆಚ್ಚು ಕಾಲ, 2000ದವರೆಗೆ, ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸುರಿಯಲಾಯಿತು. ತೋಟದ ನಡುವೆ ಹಳ್ಳ, ಬಾವಿ, ಮನೆಗಳಿದ್ದವು. ಪಡ್ರೆಯಂಥ ಕನ್ನಡದ ಊರುಗಳು ಅದರ ಫಲ ಉಂಡವು. 2011ರಲ್ಲಿ ಸುಪ್ರೀಂ ಕೋರ್ಟು ಆ ಔಷಧವನ್ನು ನಿಲ್ಲಿಸಿತು. ನಮ್ಮದು ಹತ್ತು ಲೀಟರಿನ ಪುಟ್ಟ ಯಂತ್ರ, ಆ ಹೆಲಿಕಾಪ್ಟರಿಗೆ ಹೋಲಿಸುವಂಥದಲ್ಲ, ನಿಜ. ಆದರೆ ಗಾಳಿಗೆ ಬದು ಕಾಣದು ಎಂಬ ವಿಷಯ ಎರಡಕ್ಕೂ ಒಂದೇ.

ಆದ್ದರಿಂದ ಔಷಧ ತುಂಬುವ ಮುನ್ನ ಒಂದು ಪರೀಕ್ಷೆ ಮಾಡಿ, ಖರ್ಚು ಹತ್ತಿಪ್ಪತ್ತು ರೂಪಾಯಿ. ನೀರಿಗೆ ಬಟ್ಟೆಯ ನೀಲಿಯನ್ನೋ ಶಾಯಿಯನ್ನೋ ದಟ್ಟವಾಗಿ ಕಲಸಿ. ಬಿಳಿ ಕಾಗದದ ಅಂಗೈಯಗಲದ ಚೂರುಗಳನ್ನು ಕಡ್ಡಿಗೆ ಸಿಕ್ಕಿಸಿ, ಗಾಳಿ ಬೀಸುವ ಕಡೆಗೆ ಹೊಲದಂಚಿನಿಂದ ಎರಡೆರಡು ಮೀಟರಿಗೆ ಒಂದರಂತೆ 30 ಮೀಟರುವರೆಗೆ ನೆಡಿ. ಅಂಚಿನ ಸಾಲಿನಲ್ಲಿ ಯಂತ್ರ ಓಡಿಸಿ, ಹತ್ತು ನಿಮಿಷ ಬಿಟ್ಟು ಕಾಗದ ನೋಡಿ. ನೀಲಿ ಚುಕ್ಕೆ ಎಲ್ಲಿಯವರೆಗೆ ಬಿದ್ದಿದೆಯೋ ಅಲ್ಲಿಯವರೆಗೆ ಔಷಧವೂ ಹೋಗುತ್ತದೆ. ಕಣ್ಣಿಗೆ ಕಾಣದ ಹನಿ ಇನ್ನೂ ಮುಂದೆ ಹೋಗಿರುತ್ತದೆ. ಆ ದೂರದ ಎರಡರಷ್ಟನ್ನಾದರೂ ಹಿಪ್ಪುನೇರಳೆಯ ಕಡೆ ಸಿಂಪಡಿಸದೆ ಬಿಡಬೇಕೆಂಬುದು ನನ್ನ ಅಭಿಪ್ರಾಯ. ಅಷ್ಟು ಜಾಗವಿಲ್ಲದ ಸಣ್ಣ ಹಿಡುವಳಿದಾರರಿಗೆ ಡ್ರೋನ್ ತಕ್ಕದ್ದಲ್ಲ, ಹಾಗೆಂದು ಹೇಳಲು ನನಗೆ ಸಂಕೋಚವಿಲ್ಲ.

ಯಂತ್ರ ಬೆಳೆಯ ಮೇಲೆ ಎರಡರಿಂದ ಮೂರು ಮೀಟರು ಎತ್ತರದಲ್ಲಿ ಹಾರಬೇಕು. ಅಷ್ಟು ಎತ್ತರದಲ್ಲಿ ಫ್ಯಾನಿನ ಗಾಳಿಯೇ ಹನಿಗಳನ್ನು ಕೆಳಗೆ ತಳ್ಳುತ್ತದೆ. ಐದಾರು ಮೀಟರಿಗೆ ಏರಿಸಿದರೆ ಹನಿ ಗಾಳಿಯ ಪಾಲು. ಮಾವಿನ ಮರಗಳು ಏರುಪೇರಾಗಿರುವಲ್ಲಿ ಈ ಎತ್ತರ ಕಾಯುವುದು ಪಳಗಿದವರಿಗೂ ಕಷ್ಟ, ಮೇಲಾಗಿ ಔಷಧ ನೆತ್ತಿಗೆ ಬಿದ್ದು ಒಳಗೊಂಬೆಗೆ ಇಳಿಯುವುದಿಲ್ಲ. ಗಾಳಿ ಸೆಕೆಂಡಿಗೆ 3 ಮೀಟರು ಮೀರಿದರೆ ನಿಲ್ಲಿಸಿ. ಊದುಬತ್ತಿಯ ಹೊಗೆ ಸ್ವಲ್ಪ ಬಾಗಿ ಏಳಬೇಕು, ಅಡ್ಡಡ್ಡ ಓಡಬಾರದು. ಹೊಗೆ ಅಲುಗದೆ ನೆಲದ ಮೇಲೆಯೇ ಹಾಸಿಕೊಳ್ಳುವ ಮಂಜಿನ ಬೆಳಗೂ ಒಳ್ಳೆಯದಲ್ಲ. ಸಣ್ಣ ಹನಿಗಳು ಕೆಳಗಿಳಿಯದೆ ತೇಲಿ, ಬೇಕಾದ ಕಡೆಗೆ ಹೋಗುತ್ತವೆ. ಹೂವಿನ ಕಾಲದಲ್ಲಿ ಜೇನು ಗೂಡಿಗೆ ಮರಳಿದ ಮೇಲೆ, ಸಂಜೆ ಸಿಂಪಡಿಸಿ.

ಮೂರು ದಿನ ಮುಂಚೆ ಸುತ್ತಲಿನ ಹಿಪ್ಪುನೇರಳೆಯವರ ಮನೆಗೆ ನೀವೇ ಹೋಗಿ ಹೇಳಿ. "ಅಣ್ಣ, ಹುಳು ಎಷ್ಟನೇ ಜ್ವರದಲ್ಲಿದೆ?" ಎಂದು ಕೇಳಿದರೆ ಸಾಕು, ಉಳಿದದ್ದನ್ನು ಅವರೇ ಹೇಳುತ್ತಾರೆ. ನಾಲ್ಕನೇ ಜ್ವರ ಎದ್ದಿದ್ದರೆ ಹುಳು ಚಂದ್ರಿಕೆಗೆ ಹೋಗುವವರೆಗೆ ವಾರ ಕಾಯುವುದು ಕಷ್ಟವೇನಲ್ಲ. ಸಿಂಪಡಿಸಿದ ಮೇಲೆ ಅವರು ಅಂಚಿನ ಸಾಲುಗಳ ಸೊಪ್ಪನ್ನು ಬೇರೆಯಾಗಿ ಕೊಯ್ದು, ಮೊದಲು ಇಪ್ಪತ್ತು ಮೂವತ್ತು ಹುಳುವಿಗೆ ಮಾತ್ರ ಕೊಟ್ಟು, ಒಂದು ದಿನ ನೋಡಲಿ. ಆ ಹುಳುಗಳಿಗೆ ಏನಾದರೂ ಆದರೆ ಆ ಸಾಲುಗಳನ್ನು ಕತ್ತರಿಸಿ ಬಿಡಬೇಕು, ಅದರ ಬೆಲೆ ನಿಮ್ಮದು. ಇದನ್ನು ಮೊದಲೇ ಬಾಯಿಬಿಟ್ಟು ಒಪ್ಪಿಕೊಂಡಿರಿ.

ಕೆಲಸ ಮುಗಿದ ಮೇಲೆ ಡ್ರಮ್ಮು, ಕೊಳವೆ, ನಳಿಕೆಗಳನ್ನು ಮೂರು ಸಲ ತೊಳೆಯಬೇಕು. ಬೆರೆಸುವವರೂ ತೊಳೆಯುವವರೂ ಕೈಗವಸು, ಮುಖವಸ್ತ್ರ ಹಾಕಿರಲಿ, ಗಟ್ಟಿ ಔಷಧ ಮುಟ್ಟುವವರು ಅವರೇ. ತೊಳೆದ ನೀರನ್ನು ಸಿಂಪಡಿಸಿದ ಹೊಲದ ನಡುವೆಯೇ ಚೆಲ್ಲಿ. ಕಣ್ವ ನಾಲೆಗೆ, ಕೆರೆಯಂಗಳಕ್ಕೆ, ದನ ನೀರು ಕುಡಿಯುವ ತೊಟ್ಟಿಯ ಬಳಿ ಬೇಡ. ಡ್ರೋನನ್ನು ಬಾಡಿಗೆಗೆ ತರಿಸುವವರು, ಹಿಂದಿನ ದಿನ ಅದರಲ್ಲಿ ಯಾವ ಔಷಧ ಹಾಕಿದ್ದರು, ಎಷ್ಟು ಸಲ ತೊಳೆದರು ಎಂದು ಕೇಳಿ ನಿಮ್ಮ ಪುಸ್ತಕದಲ್ಲಿ ಬರೆದಿಟ್ಟುಕೊಳ್ಳಿ. ಉತ್ತರ ತಡವರಿಸಿ ಬಂದರೆ ನಿಮ್ಮ ಕಣ್ಣೆದುರಿಗೇ ಇನ್ನೊಮ್ಮೆ ತೊಳೆಸಿ, ಆಮೇಲೆ ಹೊಲಕ್ಕೆ ಬಿಡಿ.